ಕೆಂಪು ದಾರದ ಚೀಲ

ನಮ್ಮವ್ವನ ತವರು ಶಿರಸಿಯಲ್ಲ. ಈ ಮೂರು ಪದ ಬರೆಯಲು ನನಗೆ ಅರವತ್ತು ದಾಟಬೇಕಾಯಿತು. ಬರೆದಾಯಿತು, ಇನ್ನು ಯಾರು ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ. ಹೋದ ವಾರ ಚಿಕ್ಕಪ್ಪನ ಮಗ ಬಸವರಾಜ ಶಿಕಾರಿಪುರದಿಂದ ಫೋನ್ ಮಾಡಿದ್ದ. ಟೀಚರ್ ಕೆಲಸದಿಂದ ನಿವೃತ್ತಳಾದ ನಾನು ಸೊರಬದ ಮನೆಯಲ್ಲಿ ಕೂತು ನಮ್ಮ ಮನೆತನದ ಕಥೆ ಬರೆಯುತ್ತಿದ್ದೇನೆಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಬರಿ ಗಿರಿಜಕ್ಕ, ಬ್ಯಾಡ ಅನ್ನಲ್ಲ. ಅಜ್ಜಂದು ಬರಿ, ಅಂಗಡೀದು ಬರಿ, ಅಜ್ಜಿ ಉಪ್ಪಿನಕಾಯಿದು ಬರಿ. ದೊಡ್ಡವ್ವನ ಊರಿಂದು ಒಂದು ಬಿಟ್ಬಿಡು. ಮಕ್ಕಳ ಮದುವಿ ಮಾತು ನಡ್ಯಾಕ್ ಹತ್ಯಾವೆ."

"ಅದನ್ನ ಬಿಟ್ಟು ಬರಿಯಾಕೆ ನಾನೇ ಯಾಕಪ್ಪ ಬೇಕು? ನೀನೇ ಬರ್ಕೋ," ಅಂದೆ.

ಅವನು ಒಳ್ಳೆಯವನೇ. ಅವ್ವನ ಕಾಹಿಲೆಯಲ್ಲಿ ನನ್ನ ಜೊತೆ ಓಡಾಡಿದವನು. ಆದರೆ ನಮ್ಮ ಮನೆಯಲ್ಲಿ ಒಳ್ಳೆಯವರೆಲ್ಲ ಸೇರಿಯೇ ಒಂದು ಸುಳ್ಳನ್ನು ಐವತ್ತು ಅರವತ್ತು ವರ್ಷ ಸಾಕಿದರು. ಅದಕ್ಕೇ ಅದು ಅಷ್ಟು ದಷ್ಟಪುಷ್ಟವಾಗಿ ಬೆಳೆಯಿತು.

ನಮ್ಮದು ಶಿಕಾರಿಪುರದ ಪೇಟೆಯೊಳಗಿನ ಉದ್ದನೆಯ ಮನೆ. ಬೀದಿಗೆ ಅಂಗಡಿ, ಹಿಂದೆ ಅಡುಗೆಮನೆ, ಅಂಗಳ, ಹಿತ್ತಲು, ಕೊಟ್ಟಿಗೆ. ಅಂಗಡಿಗೂ ಅಡುಗೆಮನೆಗೂ ನಡುವೆ ಉಪ್ಪಿನ ಕೋಣೆ. ಮುಂದಿನಿಂದ ಹಿಂದಕ್ಕೆ ಯಾರು ಹೋಗಬೇಕಾದರೂ ಆ ಕೋಣೆ ಹಾದೇ ಹೋಗಬೇಕು. ನಮ್ಮದು ಹರಳುಪ್ಪಿನ ವ್ಯಾಪಾರ. ಹಳ್ಳಿಗಳ ಸಣ್ಣ ಅಂಗಡಿಯವರು, ಬಂದಳಿಕೆ ಕಡೆಯ ರೈತರು ಮಳೆಗಾಲ ಹಿಡಿಯುವ ಮುಂಚೆ ಗಾಡಿ ಕಟ್ಟಿಕೊಂಡು ಬಂದು ಚೀಲಗಟ್ಟಲೆ ಒಯ್ಯುತ್ತಿದ್ದರು. ಮರದ ಹಲಗೆಗಳ ಮೇಲೆ ಸೂರಿನ ತನಕ ಚೀಲ ಪೇರಿಸಿರುತ್ತಿತ್ತು. ಜಡಿಮಳೆಯ ದಿನಗಳಲ್ಲಿ ಚೀಲಗಳು ಬೆವರಿ, ಹಲಗೆಯ ಸಂದಿನಿಂದ ತೊಟ್ಟಿಕ್ಕುವ ನೀರು ಕಲ್ಲಿನ ಸಣ್ಣ ಕಾಲುವೆಯಲ್ಲಿ ಹರಿದು ಹಿತ್ತಲಿನ ತೆಂಗಿನ ಬುಡ ಸೇರುತ್ತಿತ್ತು. ಗೋಡೆಯ ಗಾರೆ ನನ್ನ ಎದೆಮಟ್ಟಕ್ಕೆ ಉದುರಿ ಹೋಗಿತ್ತು. ಹಿತ್ತಲ ಕಡೆಯಿಂದ ಅದೇ ಗೋಡೆಯನ್ನು ನಮ್ಮ ಹಸು ನೆಕ್ಕಿ ನೆಕ್ಕಿ ಬೋಗುಣಿಯಷ್ಟು ಗುಂಡಿ ಮಾಡಿತ್ತು. ನಾನೂ ನೆಕ್ಕುತ್ತಿದ್ದೆ, ಹಸುವಿನ ಜಾಗ ಬೇರೆ, ನನ್ನ ಜಾಗ ಬೇರೆ. ಗೋಡೆಗೆ ಹೊಡೆದ ಮೊಳೆ ವರ್ಷ ತುಂಬುವುದರೊಳಗೆ ತುಕ್ಕು ತಿಂದು ಮುರಿಯುತ್ತಿತ್ತು. ಅಜ್ಜನ ಫೋಟೋ ಎರಡು ಸಲ ನೆಲಕ್ಕೆ ಬಿದ್ದ ಮೇಲೆ ಅಜ್ಜಿ ಅದನ್ನು ದೇವರ ಕೋಣೆಗೆ ಸಾಗಿಸಿದಳು. ಈಗ ಬಸವರಾಜ ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಉಪ್ಪಿನ ಕೋಣೆಗೆ ಮೂರು ಸಲ ಸಿಮೆಂಟು ಬಳಿಸಿದ. ಮೂರು ಸಲವೂ ಉಪ್ಪು ಹೊರಗೆ ಬಂದು ಅವನ ಸರಳುಗಳನ್ನು ತಿಂದಿತು. ನನಗಂತೂ ಒಳಗೊಳಗೇ ಖುಷಿಯಾಯಿತು.

ಮನೆ ತುಂಬ ಉಪ್ಪೇ ಇದ್ದರೂ ಉಪ್ಪಿಗೆ ನೂರೆಂಟು ಕಟ್ಟಳೆ. ದೀಪ ಹಚ್ಚಿದ ಮೇಲೆ ಅದರ ಹೆಸರು ಎತ್ತುವಂತಿಲ್ಲ. ಗಿರಾಕಿ ಬಂದರೂ "ಬಿಳೀದು" ಎಂದು ಕೇಳಬೇಕು. ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಉಪ್ಪು ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ. ಬಟ್ಟಲಲ್ಲಿ ಹಾಕಿ ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅಜ್ಜಿ ಇವೆಲ್ಲದರ ಕಾವಲುಗಾರ್ತಿ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಗೊಂಚಲು, ದನಿ ಮಾತ್ರ ಬೀದಿಯ ಆಚೆ ತುದಿಗೂ ಕೇಳಬೇಕು. ಅವಳ ತವರು ಸೊರಬ ತಾಲ್ಲೂಕಿನ ಜಡೆ. ದಿನಕ್ಕೆ ಹತ್ತು ಸಲ ಜಡೆಯ ಹೆಸರು ಅವಳ ಬಾಯಲ್ಲಿ ಬರಬೇಕು. ಜಡೆಯ ಅಕ್ಕಿ ಹಂಗೆ, ಜಡೆಯ ಬೆಲ್ಲ ಹಿಂಗೆ, ಜಡೆಯ ನೀರಲ್ಲಿ ಬೇಳೆ ಬೇಗ ಬೇಯುತ್ತದೆ. ಬೇಸಿಗೆಗೆ ಜಡೆಯಿಂದ ಬಸ್ಸಿನಲ್ಲಿ ಬುಟ್ಟಿಗಟ್ಟಲೆ ಮಾವಿನಮಿಡಿ ಬರುತ್ತಿತ್ತು. ಅಜ್ಜಿ ಹಾಕಿದ ಮಿಡಿ ಉಪ್ಪಿನಕಾಯಿ ಭರಣಿಗಳು ಎರಡು ತಾಲ್ಲೂಕಿನ ನೆಂಟರ ಮನೆಗಳಿಗೆ ಹೋಗುತ್ತಿದ್ದವು. ನಮ್ಮ ಮನೆಗೆ ಹೆಣ್ಣು ಕೇಳಲು ಬಂದವರೂ ಮೊದಲು ಅದನ್ನೇ ಹೊಗಳುತ್ತಿದ್ದರು.

ಅವ್ವನಿಗೆ ತವರಿನ ಹೆಸರು ಎತ್ತುವ ಹಕ್ಕಿರಲಿಲ್ಲ. ಅಪ್ಪ ಮದುವೆಗೆ ಮುಂಚಿನಿಂದಲೂ ಪ್ರತಿ ವರ್ಷ ಲಾರಿ ಹತ್ತಿ ಗೋಕರ್ಣದ ಹತ್ತಿರದ ಉಪ್ಪಿನ ಆಗರಕ್ಕೆ ಹೋಗಿ ತಾನೇ ನೋಡಿ ಉಪ್ಪು ಆರಿಸಿ ತರುತ್ತಿದ್ದ. ಒಂದು ವರ್ಷ ಆಗರದಲ್ಲಿ ಕೆಲಸ ಮಾಡುವವರ ಮಗಳನ್ನೂ ಕರೆತಂದ. ಮಾತು ಕಮ್ಮಿಯ ಮನುಷ್ಯ; ಜೀವನದಲ್ಲಿ ಅವನು ಮಾಡಿದ ದೊಡ್ಡ ಗಲಾಟೆ ಅದೊಂದೇ. ಅಜ್ಜಿ ಮೂರು ದಿನ ಅನ್ನ ಬಿಟ್ಟಳಂತೆ. ನಾಲ್ಕನೆಯ ದಿನ ಎದ್ದು ದೂರದ ಮಠವೊಂದರಲ್ಲಿ ಅವ್ವನಿಗೆ ಲಿಂಗ ಕಟ್ಟಿಸಿ, ಅಲ್ಲೇ ತಾಳಿ ಕಟ್ಟಿಸಿ, ಊರಿಗೆ ಬಂದು, ಶಿರಸಿ ಕಡೆಯ ನಮ್ಮ ಪೈಕಿಯವರೇ, ಅಪ್ಪ ಅವ್ವ ಇಲ್ಲದ ಹುಡುಗಿ ಎಂದು ಸಾರಿದಳು. ಆಗರದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಇಬ್ಬರನ್ನು ಒಂದೇ ಮಾತಿನಲ್ಲಿ ಸಾಯಿಸಿಬಿಟ್ಟಳು. ಲಿಂಗ ಕಟ್ಟಿದ ಮೇಲೆ ಹಿಂದಿನದು ಕೇಳಬಾರದು ಎಂಬುದು ಅವಳ ಸಮರ್ಥನೆ. ಕೇಳಬಾರದು, ಸರಿ. ಹೇಳಬಾರದು ಅಂತ ಎಲ್ಲಿದೆ? ಅಂಗಡಿಯಲ್ಲಿ ಚಿಕ್ಕಪ್ಪ ಗಿರಾಕಿಗಳಿಗೆ "ಗೋಕರ್ಣದ ಆಗರದ್ದು ಕಣ್ರೀ, ದೇವರ ಕಡಲಿಂದು" ಎಂದು ಎದೆಯುಬ್ಬಿಸಿ ಉಪ್ಪು ಅಳೆಯುತ್ತಿದ್ದ. ಅದೇ ಆಗರದಿಂದ ಉಪ್ಪು ಬಂದರೆ ಹೆಮ್ಮೆ, ಹೆಣ್ಣು ಬಂದರೆ ಮರ್ಯಾದೆ ಹೋಯಿತು! ಚಿಕ್ಕವಳಿದ್ದಾಗ ಇದು ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಧ್ಯಾಹ್ನ ಅಜ್ಜಿ ಮಲಗಿದಾಗ ಅವ್ವ ಉಪ್ಪಿನ ಕೋಣೆಯಲ್ಲಿ ಮೊರ ಹಿಡಿದು ಮನೆಬಳಕೆಯ ಉಪ್ಪು ಹಸನು ಮಾಡುತ್ತಿದ್ದಳು. ಆಗ ನನಗೊಂದು ಕಥೆ ಹೇಳುತ್ತಿದ್ದಳು. ಕಥೆ ಒಂದೇ, ಎಷ್ಟು ಸಲ ಕೇಳಿದರೂ ಸಾಕಾಗುತ್ತಿರಲಿಲ್ಲ. ಕಡಲ ಪಕ್ಕ ಒಬ್ಬಳು ಹುಡುಗಿ ಇದ್ದಳಂತೆ. ಮಳೆ ನಿಂತ ಮೇಲೆ ಅವಳು, ಅವಳ ಅಪ್ಪ, ಅವ್ವ, ಅಕ್ಕಪಕ್ಕದವರೆಲ್ಲ ಸಾಲಾಗಿ ನಿಂತು ಉಪ್ಪಿನ ಗದ್ದೆಯ ಕೆಸರನ್ನು ಕಾಲಲ್ಲಿ ತುಳಿಯುತ್ತಿದ್ದರಂತೆ, ನೆಲ ಸಾರಿಸಿದ ಜಗಲಿಯ ಹಾಗೆ ಗಟ್ಟಿಯಾಗುವ ತನಕ. ಕಡಲು ಉಕ್ಕುವ ಹೊತ್ತಿಗೆ ತೂಬಿನ ಹಲಗೆ ಎತ್ತಿ ನೀರು ಒಳಗೆ ಬಿಡುತ್ತಾರೆ. ಆ ನೀರು ಒಂದು ಗದ್ದೆಯಲ್ಲಿ ಕೆಲವು ದಿನ ಕೂತು, ಬಿಸಿಲಿಗೆ ದಪ್ಪವಾಗಿ, ಮುಂದಿನ ಗದ್ದೆಗೆ ಹೋಗಿ, ಅಲ್ಲಿ ಇನ್ನಷ್ಟು ದಪ್ಪವಾಗಿ, ಕೊನೆಯ ಸಣ್ಣ ಗದ್ದೆಗೆ ಬರುತ್ತದೆ. ಅಲ್ಲಿ ಮಟಮಟ ಮಧ್ಯಾಹ್ನ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿ, ಅದು ಒಡೆದು ಹರಳಾಗಿ ತಳಕ್ಕೆ ಕೂರುತ್ತದೆ. ಬಿಸಿಲು ಇಳಿದ ಮೇಲೆ ಉದ್ದ ಕೋಲಿನ ತುದಿಗೆ ಕಟ್ಟಿದ ಹಲಗೆಯಿಂದ ಅದನ್ನು ಅಂಚಿಗೆ ಎಳೆಯುತ್ತಾರೆ. ರಾಶಿ ಹಾಕಿ ತೆಂಗಿನ ಮಡಲು ಹೊದಿಸಿ ಒಂದು ಮಳೆಗಾಲ ಹಾಗೇ ಬಿಡುತ್ತಾರೆ. ಉಪ್ಪಿನಲ್ಲಿರುವ ಕಹಿ ನೀರೆಲ್ಲ ಸೋರಿ ಹೋಗಬೇಕು. ಒಂದು ಮಳೆ ಕಂಡ ಉಪ್ಪೇ ಬಾಯಿಗೆ ಸೈ.

"ಒಂದು ಮಳೆ ಕಂಡಿದ್ದು ಅಂತ ಹೆಂಗೆ ಗೊತ್ತಾಗತ್ತೆ ಅವ್ವ?"

"ಮುಷ್ಟೀಲಿ ಹಿಡಕೊಂಡು ನೂರು ಎಣಿಸು. ಕೈ ಒದ್ದೆ ಆದ್ರೆ ಹೊಸದು. ಒಣಗಿದ್ರೆ ಹಳೇದು."

ಕಥೆಯ ಹುಡುಗಿಗೆ ಒಬ್ಬ ತಮ್ಮನೂ ಇದ್ದ. ತೂಬಿನ ಹಲಗೆಯ ಮೇಲೆ ಓಡಲು ಹೋಗಿ ಮುಗ್ಗರಿಸಿ ಎದುರಿನ ಎರಡು ಹಲ್ಲು ಮುರಿದುಕೊಂಡಿದ್ದನಂತೆ. ಆ ಜಾಗ ಬಂದಾಗ ಅವ್ವ ನಗುತ್ತಿದ್ದಳು, ನಗುತ್ತ ನಗುತ್ತ ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಉಪ್ಪಿನ ಧೂಳು ಎಂದುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಲಾರಿ ಬರುತ್ತಿತ್ತು. ಘಟ್ಟ ಹತ್ತಿ, ಶಿರಸಿ, ಬನವಾಸಿ, ಜಡೆ, ಆನವಟ್ಟಿ ದಾಟಿ ನಮ್ಮ ಬೀದಿಗೆ ಬಂದಾಗ ಮಧ್ಯಾಹ್ನ ತಿರುಗಿರುತ್ತಿತ್ತು. ಚೀಲಗಳ ಬಾಯಿಯನ್ನು ಸೆಣಬಿನ ಹುರಿಯಿಂದ ಹೊಲಿದಿರುತ್ತಿದ್ದರು. ಪ್ರತಿ ಲಾರಿಯಲ್ಲೂ ಒಂದು ಚೀಲದ ಬಾಯಿ ಮಾತ್ರ ಕೆಂಪು ದಾರದ್ದು. ಅದನ್ನು ಅಪ್ಪ ತಾನೇ ಹೊತ್ತು ಕೋಣೆಯ ಒಳಮೂಲೆಗೆ ಇಡುತ್ತಿದ್ದ. ಅಂಗಡಿಗೆ ಅದು ಹೋಗುತ್ತಿರಲಿಲ್ಲ. ಒಂದೆರಡು ದಿನದ ಮೇಲೆ ನಮ್ಮ ಸಾರಿನಲ್ಲಿ ಹುಳಿಗೆ ಹಾಕುವ ಮುರುಗಲ ಸಿಪ್ಪೆ ತೇಲುತ್ತಿತ್ತು. ಎಲ್ಲಿಂದ ಬಂತು ಎಂದು ಅಜ್ಜಿ ಕೇಳಿದರೆ ಅಪ್ಪ ಎಲೆಯಿಂದ ತಲೆ ಎತ್ತದೆ, ದಾರಿಯಲ್ಲಿ ಶಿರಸಿ ಸಂತೆ ಸಿಕ್ಕಿತ್ತು ಎನ್ನುತ್ತಿದ್ದ. ಅಜ್ಜಿ ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದಳು. ಅದು ಅವ್ವನ ತವರಿನ ಚೀಲದಲ್ಲಿ ಬಂದದ್ದೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ನನಗೆ ಎಂಟೋ ಒಂಬತ್ತೋ ಇರಬೇಕು. ಲಾರಿಯ ಜೊತೆ ಚೀಲ ಇಳಿಸಲು ಬಂದವರಲ್ಲಿ ಹೊಸಬನೊಬ್ಬನಿದ್ದ. ಬೆನ್ನ ಮೇಲೆ ಚೀಲ ಹೊತ್ತು ಕೋಣೆಗೆ ಬರುವಾಗೆಲ್ಲ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಅಂಗಡಿಯ ಜಗಲಿಯಲ್ಲಿ ಕೂತ ಅವರಿಗೆ ಅವ್ವ ಮಜ್ಜಿಗೆ ತಂದಳು. ಎಲ್ಲರಿಗೂ ಒಂದೊಂದು ಲೋಟ. ಅವನಿಗೆ ಮಾತ್ರ ಕುಡಿದ ಮೇಲೆ ಮತ್ತೊಂದು ಲೋಟ ತುಂಬಿ, ಅಂಗೈಯಷ್ಟು ದೊಡ್ಡ ಬೆಲ್ಲದ ಉಂಡೆ ಇಟ್ಟಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಬೆಲ್ಲ ಕಚ್ಚುವಾಗ ಅವನು ನನ್ನ ಕಡೆ ನೋಡಿ ನಕ್ಕ. ಎದುರಿನ ಎರಡು ಹಲ್ಲು ಅರ್ಧಕ್ಕೆ ಮುರಿದಿದ್ದವು. ನಾನು ಅವ್ವನ ಸೆರಗು ಹಿಡಿದು ಜಗ್ಗಿದೆ. ಅವ್ವ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಒತ್ತಿದಳೆಂದರೆ ನಾನು ಬಾಯಿ ಮುಚ್ಚಿದೆ. ಲಾರಿ ಹೊರಟಿತು. ನನ್ನ ಸೋದರಮಾವ ನಮ್ಮ ಮನೆಯ ಜಗಲಿಯಲ್ಲಿ ಕೂಲಿಯವನ ಹಾಗೆ ಮಜ್ಜಿಗೆ ಕುಡಿದು ಹೋದ. ಆವತ್ತಿನಿಂದ ಕಥೆ ಕೇಳುವುದನ್ನು ಬಿಟ್ಟೆ. ಅವ್ವನೂ ಯಾಕೆಂದು ಕೇಳಲಿಲ್ಲ.

ಮರುವರ್ಷ ಅಪ್ಪನಿಗೆ ಜ್ವರ ಹಿಡಿದು ಹಾಸಿಗೆಯಿಂದ ಏಳಲಾಗಲಿಲ್ಲ. ಉಪ್ಪು ತರಲು ಚಿಕ್ಕಪ್ಪ ಹೋದ. ಚಿಕ್ಕಪ್ಪನಿಗೆ ವ್ಯಾಪಾರ ಗೊತ್ತು, ಉಪ್ಪು ಗೊತ್ತಿಲ್ಲ. ಹಳೆಯ ರಾಶಿಯ ಉಪ್ಪು ಮಣ್ಣುಬಣ್ಣಕ್ಕೆ ತಿರುಗಿರುತ್ತದೆ. ಆಗಷ್ಟೇ ಎಳೆದ ಹೊಸ ಉಪ್ಪು ಥಳಥಳ ಹೊಳೆಯುತ್ತದೆ, ಅಗ್ಗಕ್ಕೂ ಸಿಗುತ್ತದೆ. ಚಿಕ್ಕಪ್ಪ ಹೊಳೆಯುವುದನ್ನೇ ಲಾರಿ ತುಂಬ ತಂದು, ಬೀದಿಯವರನ್ನೆಲ್ಲ ಕರೆದು ತೋರಿಸಿದ. ಕೆಂಪು ದಾರದ ಚೀಲವೂ ಯಾವ ಮಾಯದಲ್ಲೋ ಅದರ ನಡುವೆ ಬಂದಿತ್ತು. ಅದೇ ವಾರ ಜಡೆಯಿಂದ ಮಿಡಿಯೂ ಬಂತು. ಅಂಗಳದಲ್ಲಿ ಚಾಪೆ ಹಾಸಿ ನಾಲ್ಕು ಮನೆಯ ಹೆಂಗಸರು ಕೂತು ಮಿಡಿ ಆರಿಸುವಾಗ ಅಜ್ಜಿ ಹೊಸ ಉಪ್ಪಿನ ಚೀಲ ಬಿಚ್ಚಿಸಿದಳು. ಅವ್ವ ಒಂದು ಮುಷ್ಟಿ ಹಿಡಿದು ನೋಡಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ, ಇದು ಬ್ಯಾಡ. ಹೊಸದು. ಮೂಲೇಲಿರೋ ಚೀಲದ್ದು ತರ್ತೀನಿ."

ಅಜ್ಜಿ ದನಿ ತಗ್ಗಿಸುವವಳೇ ಅಲ್ಲ.

"ಹಾಲಿನಂಗೆ ಬೆಳ್ಳಗೈತೆ, ಇದಕ್ಕೇನಾಗೇತಿ? ನಿನಗೆ ಉಪ್ಪಿನ ವಿಷ್ಯ ಹೆಂಗೆ ಗೊತ್ತು? ಹೇಳು ನೋಡಾನ."

ಹೆಂಗಸರೆಲ್ಲ ತಲೆ ಎತ್ತಿದರು. ಅಜ್ಜಿ ಅವ್ವನ ಕಣ್ಣನ್ನೇ ನೋಡುತ್ತಿದ್ದಳು. ಗೊತ್ತು ಎಂದರೆ ಹೇಗೆ ಗೊತ್ತೆಂದು ಹೇಳಬೇಕು; ಹೇಳುವಂತಿಲ್ಲ. ಅವ್ವ ಮುಷ್ಟಿಯ ಉಪ್ಪನ್ನು ಚೀಲಕ್ಕೆ ಹಾಕಿ, ಒದ್ದೆಯಾದ ಅಂಗೈ ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ನಾನೂ ಅಲ್ಲೇ ಇದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಇವತ್ತಿಗೂ ಆ ನಿಮಿಷ ನೆನಪಾದರೆ ನನ್ನ ಮೇಲೆ ನನಗೇ ಕೆಟ್ಟ ಕೋಪ ಬರುತ್ತದೆ. ಮಿಡಿ, ಉಪ್ಪು, ಮಿಡಿ, ಉಪ್ಪು ಎಂದು ಪದರ ಪದರವಾಗಿ ಆರು ದೊಡ್ಡ ಭರಣಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಳಗಿಟ್ಟರು.

ಹದಿನೈದು ದಿನದ ಮೇಲೆ ಸಾಸಿವೆ ಮೆಣಸು ರುಬ್ಬಲು ಮತ್ತೆ ಎಲ್ಲರೂ ಕೂಡಿದರು. ಅಜ್ಜಿಯ ತಂಗಿ, ನಾವು ಚಿಕ್ಕಜ್ಜಿ ಎನ್ನುತ್ತಿದ್ದವಳು, ಜಡೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅಜ್ಜಿ ಮೊದಲ ಭರಣಿಯ ಬಟ್ಟೆ ಬಿಚ್ಚಿದಳು. ಸುಕ್ಕುಗಟ್ಟಿ ಗಟ್ಟಿಯಾಗಿರಬೇಕಿದ್ದ ಮಿಡಿ ಬೆರಳು ಒತ್ತಿದರೆ ಪಿಚಕ್ಕೆನ್ನುತ್ತಿತ್ತು. ನೀರು ಲೋಳೆ ಲೋಳೆ. ಬಾಯಿಗಿಟ್ಟ ಚಿಕ್ಕಜ್ಜಿ "ಥೂ, ವಿಷಾನೇ!" ಎಂದು ಎದ್ದು ಹೋಗಿ ಬಾಯಿ ತೊಳೆದಳು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಆರನೆಯದನ್ನು ಅಜ್ಜಿ ಬಿಚ್ಚಲೇ ಇಲ್ಲ. ಅವಳ ಮುಖ ನೋಡಿ ನನಗೂ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಅವಳು ಆಡಿದ ಮಾತಿಗೆ ಆ ಪಾಪವೆಲ್ಲ ಹಾರಿಹೋಯಿತು.

"ಮುಟ್ಟಬಾರದ ಹೊತ್ತಿನಾಗೆ ಯಾರೋ ಭರಣಿ ಮುಟ್ಯಾರೆ."

ಎಲ್ಲರ ಕಣ್ಣೂ ಅವ್ವನ ಕಡೆ ತಿರುಗಿದವು. ಲಿಂಗ ಕಟ್ಟಿದವರಿಗೆ ಮುಟ್ಟಿಲ್ಲ, ಮೈಲಿಗೆಯಿಲ್ಲ ಎಂದು ಉಪದೇಶ ಮಾಡುತ್ತಿದ್ದವಳು ಇದೇ ಅಜ್ಜಿ. ದೇವರಿಗಿಲ್ಲದ ಮೈಲಿಗೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಮಾತ್ರ ಇತ್ತು.

"ನಾ ಮುಟ್ಟಿಲ್ಲ ಅತ್ತೆ," ಅಂದಳು ಅವ್ವ. "ಉಪ್ಪು ಹೊಸದು. ಅವತ್ತೇ ಹೇಳಿದ್ದೆ."

"ಶಿರಸಿಯೋಳಿಗೆ ಉಪ್ಪಿನ ವಿಷ್ಯ ಏನ್ ತಿಳೀತೈತವ್ವಾ? ಮಾಡಿದ ತಪ್ಪು ಒಪ್ಕೊಂಬಿಡು, ಮುಗೀತು," ಎಂದು ಚಿಕ್ಕಜ್ಜಿ ದೊಡ್ಡ ನ್ಯಾಯ ಹೇಳಿದಳು.

ನನಗೆ ತಡೆಯಲಾಗಲಿಲ್ಲ.

"ನಮ್ಮವ್ವ ಶಿರಸಿಯೋಳಲ್ಲ! ಆಗರದೋಳು! ಲಾರೀಲಿ ಬಂದಿದ್ನಲ್ಲ ಮುರುಕು ಹಲ್ಲಿನೋನು, ಅವನು ನಮ್ಮ ಮಾವ!"

ಕೆನ್ನೆಗೆ ಏಟು ಬಿತ್ತು. ಅಜ್ಜಿ ಹೊಡೆದಳು ಅಂದುಕೊಂಡು ತಿರುಗಿ ನೋಡಿದರೆ ಹೊಡೆದವಳು ಅವ್ವ. ಹುಟ್ಟಿದಾಗಿನಿಂದ ಒಂದು ದಿನವೂ ನನ್ನ ಮೇಲೆ ಕೈಯೆತ್ತಿರದ ಅವ್ವ. ಕೆನ್ನೆ ಉರಿಯುತ್ತಿತ್ತು, ಅದಕ್ಕಿಂತ ಹೊಟ್ಟೆ ಉರಿಯಿತು. ನಿನ್ನ ಪರ ನಿಂತದ್ದಕ್ಕೆ ಇದೇನಾ ಎಂದು ಕಿರುಚಬೇಕೆಂದು ಬಾಯಿ ತೆರೆದೆ.

"ಅದನ್ನ ಹೇಳೂದು ನೀನಲ್ಲ," ಅಂದಳು ಅವ್ವ. "ನಾನು."

ಒಳಗೆ ಹೋದಳು. ಬರುವಾಗ ಎರಡು ಮೊರ ಇತ್ತು, ಒಂದರಲ್ಲಿ ಹೊಳೆಯುವ ಉಪ್ಪು, ಇನ್ನೊಂದರಲ್ಲಿ ಕೆಂಪು ದಾರದ ಚೀಲದ ಮಣ್ಣುಬಣ್ಣದ ಉಪ್ಪು. ಅಂಗಳದ ನಡುವೆ ಬಂದು ಮಾತಾಡಿದಳು. ಅದು ನಮ್ಮ ಮನೆಯಲ್ಲಿ ಅವಳು ಆಡುತ್ತಿದ್ದ ಮಾತಿನ ಧಾಟಿಯೇ ಅಲ್ಲ. ಇಷ್ಟು ವರ್ಷ ನಾಲಿಗೆಯಡಿ ಇಟ್ಟುಕೊಂಡಿದ್ದ ಅವಳೂರಿನ ಮಾತು ಅದು.

"ಹೌದು, ನಾನು ಆಗರದವಳೇ. ಗೋಕರ್ಣದ ಹತ್ರ. ನನ್ನ ಅಪ್ಪ ಅವ್ನೆ, ಅವ್ವಿ ಅವ್ಳೆ, ತಮ್ಮ ಅವ್ನೆ, ಯಾರೂ ಸಾಯಲಿಲ್ಲ. ನಡ್ಯೂಕೆ ಬಂದಾಗಿಂದ ಉಪ್ಪಿನ ಗದ್ದೆ ತುಳಿದ ಕಾಲು ಇದು. ಉಪ್ಪು ಹೆಂಗೆ ಗೊತ್ತು ಅಂತ ಕೇಳಿದ್ರಲ ಅತ್ತೆ? ಹಿಂಗೆ ಗೊತ್ತು. ಕೈ ಒಡ್ಡಿ ಎಲ್ಲರೂವ."

ಬಟ್ಟಲಿಲ್ಲ, ನೆಲದ ಮೇಲಿಡುವುದಿಲ್ಲ. ತನ್ನ ಕೈಯಿಂದಲೇ ಒಬ್ಬೊಬ್ಬರ ಬಲಗೈಗೆ ಹೊಸ ಉಪ್ಪು, ಎಡಗೈಗೆ ಹಳೆಯ ಉಪ್ಪು ಹಾಕುತ್ತ ಬಂದಳು. ಪಕ್ಕದ ಮನೆಯವಳು "ಕೈಗೆ ಕೊಡಬ್ಯಾಡ್ರೇ, ಜಗಳ ಬರ್ತೈತೆ," ಎಂದು ಹಿಂದೆ ಸರಿದಳು. "ಬಂದ್ರೆ ಬರಲಿ," ಎಂದು ಅವ್ವ ಅವಳ ಕೈಗೂ ಹಾಕಿದಳು. ಕೊನೆಗೆ ಅಜ್ಜಿಯ ಎದುರು ನಿಂತಳು. ಅಜ್ಜಿ ಕೈ ಒಡ್ಡಲಿಲ್ಲ. ಅವ್ವ ಕುಕ್ಕರಗಾಲಲ್ಲಿ ಕೂತು, ಅಜ್ಜಿಯ ತೊಡೆಯ ಮೇಲಿದ್ದ ಎರಡೂ ಕೈ ತಿರುಗಿಸಿ, ಉಪ್ಪು ಇಟ್ಟು, ಬೆರಳು ಮಡಚಿ ಮುಷ್ಟಿ ಮಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಎಣಿಸು ಅಂದಳು. ನಾನು ಬಿಕ್ಕುತ್ತಲೇ ನೂರರ ತನಕ ಎಣಿಸಿದೆ. ಮಗ್ಗಿ ಹೇಳುವಾಗ ತಪ್ಪುತ್ತಿದ್ದವಳು ಆವತ್ತು ಒಂದೂ ತಪ್ಪಲಿಲ್ಲ.

"ಬಿಚ್ಚಿ ನೋಡಿ," ಅಂದಳು ಅವ್ವ.

ಒಬ್ಬೊಬ್ಬರೇ ಬಿಚ್ಚಿದರು. ಬಲಗೈಗಳೆಲ್ಲ ಒದ್ದೆ. ಎಡಗೈಗಳು ಒಣಗಿದ್ದವು. ಅಜ್ಜಿ ಮುಷ್ಟಿ ಬಿಚ್ಚಲಿಲ್ಲ. ಎರಡೂ ಮುಷ್ಟಿಯನ್ನು ಹಾಗೇ ಬಿಗಿಹಿಡಿದು ಎದ್ದು ಹಿತ್ತಲಿಗೆ ಹೋದಳು. ಬಲಗೈ ಬೆರಳ ಸಂದಿನಿಂದ ಒಂದು ಹನಿ ಬಾಗಿಲ ಹೊಸ್ತಿಲ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಚಿಕ್ಕಜ್ಜಿ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಜಡೆಗೆ ಹೊರಟುಹೋದಳು. ರಾತ್ರಿ ಊಟಕ್ಕೆ ಕೂತಾಗ ಅವ್ವ ನನ್ನ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿದಳು. ಹೊಡೆದದ್ದಕ್ಕೆ ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ನಾನೂ ಸುಳ್ಳು ಸಾಕಿದಂತಾಗುತ್ತದೆ. ಅಜ್ಜಿ ಒಂದು ಮಳೆಗಾಲ ಪೂರ್ತಿ ಬೇರೆ ಒಲೆ ಹೂಡಿ ತಾನೇ ಬೇಯಿಸಿಕೊಂಡು ಉಂಡಳು. ಕೆಲವು ನೆಂಟರು ನಮ್ಮ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಆಮೇಲೆ ಉಪ್ಪು ಬೇಕಾದಾಗ ಬಂದರು. ಹೊರಗಿನವರು ಕೇಳಿದರೆ ಅಜ್ಜಿ ಸಾಯುವ ತನಕ ಶಿರಸಿ ಎಂದೇ ಹೇಳಿದಳು. ಚಿಕ್ಕಪ್ಪನೂ ಹಾಗೇ ಹೇಳಿದ, ಅವನ ಮಕ್ಕಳೂ ಅದನ್ನೇ ಕಲಿತರು. ಆದರೆ ಮನೆಯ ಒಳಗೆ ಒಂದು ಮಾತ್ರ ಬದಲಾಯಿತು. ಮುಂದಿನ ಶಿವರಾತ್ರಿಗೆ ಲಾರಿ ಬಂದಾಗ ಅಪ್ಪ ಮಾವನ ಕೈ ಹಿಡಿದು ಉಪ್ಪಿನ ಕೋಣೆ ದಾಟಿಸಿ, ಅಡುಗೆಮನೆಯಲ್ಲಿ ತನ್ನ ಪಕ್ಕ ಎಲೆ ಹಾಕಿಸಿದ. ಹೋಗುವಾಗ ಅದೇ ಲಾರಿಯ ಮುಂದಿನ ಸೀಟಿನಲ್ಲಿ ಅವ್ವನನ್ನೂ ನನ್ನನ್ನೂ ಕೂರಿಸಿ ಕಳಿಸಿದ. ನಾನು ಕಡಲನ್ನು ನೋಡಿದೆ, ಸತ್ತುಹೋಗಿದ್ದ ಅಜ್ಜ ಅಜ್ಜಿಯರನ್ನು ನೋಡಿದೆ. ಆ ಅಜ್ಜಿಯ ಪಾದ ನಮ್ಮ ಅಂಗಳದ ಚಪ್ಪಡಿಗಿಂತ ಗಟ್ಟಿಯಾಗಿತ್ತು. ಗದ್ದೆಗಿಳಿಸಿ ತುಳಿ ಅಂದರು, ತುಳಿದೆ. ನನ್ನ ಕಾಲಿನ ಅಚ್ಚು ಸರಿಯಾಗಿ ಮೂಡಲಿಲ್ಲವೆಂದು ಎಲ್ಲರೂ ನಕ್ಕರು.

ಅವ್ವ ಕೊನೆಯ ವರ್ಷಗಳಲ್ಲಿ ಸೊರಬದಲ್ಲಿ ನನ್ನ ಜೊತೆಗೇ ಇದ್ದಳು. ಹೋದ ವರ್ಷ ಒಂದು ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುವಷ್ಟರಲ್ಲಿ ಹೋಗಿಬಿಟ್ಟಳು. ಮೊದಲ ಫೋನು ಮಾಡಿದ್ದು ಬಸವರಾಜನಿಗೆ, ಎರಡನೆಯದು ಆಗರಕ್ಕೆ, ಮಾವನ ಮಗ ಗಣಪುವಿಗೆ. ಶಿಕಾರಿಪುರದ ನಮ್ಮ ಹೊಲದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಿಸಿದ್ದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಸುತ್ತ ವಿಭೂತಿ, ಪತ್ರೆ, ಉಪ್ಪು ತುಂಬುತ್ತಾರೆ. ಬಸವರಾಜ ಎಲ್ಲ ವ್ಯವಸ್ಥೆ ಮಾಡಿದ್ದ, ಅಳುತ್ತಲೇ ಮಾಡಿದ್ದ. ಗುಂಡಿಯ ಅಂಚಿಗೆ ಪ್ಯಾಕೆಟ್ ಪುಡಿಯುಪ್ಪಿನ ರಾಶಿ ಹಾಕಿಸಿದ್ದ. ತವರಿನವರು ಹೊದಿಸಬೇಕಾದ ಸೀರೆಯನ್ನೂ ತಾನೇ ಪೇಟೆಯಿಂದ ತಂದು, ಶಿರಸಿಯಿಂದ ಬಂತು ಎಂದು ನಾಲ್ಕು ಜನರ ಎದುರು ಹೇಳಿಯೂ ಆಗಿತ್ತು.

"ಆ ಪ್ಯಾಕೆಟ್ ತೆಗಿ," ಅಂದೆ.

"ಅಕ್ಕಾ, ಹೊತ್ತು ಮುಳುಗಾಕೆ ಬಂತು. ಉಪ್ಪು ಉಪ್ಪೇ ಅಲ್ಲೇನು?"

"ಅಲ್ಲ. ಗಣಪು ಬರೋ ತನಕ ಅವ್ವನ್ನ ಯಾರೂ ಎತ್ತಂಗಿಲ್ಲ. ಎತ್ತೋದಾದ್ರೆ ಮೊದಲು ನನ್ನ ಎತ್ತಿ ಗುಂಡಿಗೆ ಹಾಕ್ರಿ."

ಗುಂಡಿಯ ಅಂಚಿನಲ್ಲಿ ಕೂತೇಬಿಟ್ಟೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಯಾರೋ ಅಂದರು. ಅನ್ನಲಿ. ಬಿಸಿಲು ಕೆಂಪಾದ ಹೊತ್ತಿಗೆ ಹೊಲದ ದಾರಿಯಲ್ಲಿ ಪಿಕಪ್ ಗಾಡಿಯೊಂದು ಬಂದು ನಿಂತಿತು. ಗಣಪು ಇಳಿದ. ಮಾವನ ಹಾಗೇ ಉದ್ದ ಆಳು, ಹಲ್ಲು ಮಾತ್ರ ಸರಿಯಾಗಿವೆ. ಬೆನ್ನ ಮೇಲೆ ಚೀಲ ಹೊತ್ತು ಬಂದು ನನ್ನ ಎದುರು ಇಳಿಸಿದ. ಈಗ ಗೋಣಿಚೀಲವಲ್ಲ, ಪ್ಲಾಸ್ಟಿಕ್ಕಿನದು. ಬಾಯಿ ಮಾತ್ರ ಕೆಂಪು ದಾರದಲ್ಲಿ ಹೊಲಿದಿತ್ತು.

"ಸೀರೆ ತರೂಕೆ ಪುರಸೊತ್ತು ಆಗ್ಲಿಲ್ಲ ಅಕ್ಕ. ಇದೇ ತಂದೆ."

"ಯಾವ ರಾಶಿದು?"

"ಹಳೇದೇ. ಒಂದು ಮಳೆ ಕಂಡದ್ದು."

ನನಗೆ ಅಲ್ಲಿಯ ತನಕ ಅಳು ಬಂದಿರಲಿಲ್ಲ. ದಾರದ ತುದಿ ಹುಡುಕಿ ಎಳೆದೆ, ಬಿಚ್ಚಿಕೊಂಡಿತು. ಒಂದು ಮುಷ್ಟಿ ತೆಗೆದು ಗಣಪುವಿನ ಕೈಗೆ ನನ್ನ ಕೈಯಿಂದಲೇ ಹಾಕಿದೆ. ಆಮೇಲೆ ಅವ್ವನನ್ನು ಎತ್ತಿ ಗುಂಡಿಯೊಳಗೆ ಕೂರಿಸಿದರು. ಮೊದಲ ಮುಷ್ಟಿ ತವರಿನವರದು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ನಿಂತಿದ್ದ ಜನರ ಕಡೆ ನೋಡಿ ಎಂದಿನ ವಾಡಿಕೆಯ ಪ್ರಶ್ನೆ ಕೇಳಿದರು.

"ತವರಿನೋರು ಮುಂದೆ ಬರ್ರಿ. ಎಲ್ಲಿಯೋರು?"

ಬಸವರಾಜ ಬಾಯಿ ತೆರೆದ. ಅದನ್ನು ಹೇಳಬೇಕಾದವಳು ನಾನಲ್ಲ ಎಂದು ಒಂಬತ್ತು ಹತ್ತರ ವಯಸ್ಸಿನಲ್ಲೇ ಕಲಿತಿದ್ದೆ. ಹೇಳಬೇಕಾದವಳು ಗುಂಡಿಯೊಳಗೆ ಕಣ್ಣು ಮುಚ್ಚಿ ಕೂತಿದ್ದಳು. ನಾನು ಎದ್ದು ನಿಂತು, ಹೊಲದ ಆಚೆ ಬದುವಿನ ಮೇಲೆ ನಿಂತವರಿಗೂ ಕೇಳುವ ಹಾಗೆ, ಅಜ್ಜಿಯ ದನಿಯಲ್ಲಿ ಕೂಗಿ ಹೇಳಿದೆ.

"ಗೋಕರ್ಣದ ಹತ್ರ. ಉಪ್ಪಿನ ಆಗರದೋರು."

ಹೇಳಿ ಒಂದು ಗಳಿಗೆ ಹಾಗೇ ನಿಂತೆ, ಕೆನ್ನೆ ಒಡ್ಡಿಕೊಂಡು. ಹೊಡೆಯುವವರು ಯಾರೂ ಇರಲಿಲ್ಲ.